ದಾಳ ಕಂಡ ಕೂಡಲೇ ಜೂಜು ಅನ್ನಬೇಡಿ

ಹೋದ ತಿಂಗಳು ಒಂದು ಐತವಾರ ಮಧ್ಯಾಹ್ನ. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ನಾವು ಬಾಡಿಗೆ ಹಿಡಿದಿರುವ ಖೋಲಿ. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ನೋಟ್‌ಬುಕ್, ಪೆನ್ಸಿಲ್, ಒಂದು ತಾಟಿನಲ್ಲಿ ಸೂಸಲಾ, ನಡುವೆ ದಾಳ. ಸುತ್ತಲೂ ನಾವು ಆರು ಮಂದಿ.

ಬಾಡಿಗೆ ಕೇಳಲು ಬಂದ ಮನೆ ಮಾಲಕರು ಬಾಗಿಲಲ್ಲೇ ನಿಂತರು. ಅವರ ಕಣ್ಣು ಸೀದಾ ದಾಳದ ಮೇಲೆ ಬಿತ್ತು.

“ಓದಿದ ಹುಡುಗ್ರು ಅಂತ ಖೋಲಿ ಕೊಟ್ಟೀನಿ. ನೀವು ಇಲ್ಲಿ ಜೂಜು ಆಡ್ಲತ್ತೀರಿ?”

“ಇಲ್ರೀ ಕಾಕಾ, ಇದು ರೊಕ್ಕದ ಆಟ ಅಲ್ಲ. ಪಾತ್ರದ ಆಟ. ಒಳಗ ಬರ್ರಿ, ಕೂತು ನೋಡ್ರಿ” ಅಂದೆವು.

ಅವರು ಕೂತರು. ಅವತ್ತಿನ ಮಾತಿನಿಂದಲೇ ಈ ಲೇಖನ ಹುಟ್ಟಿದ್ದು. ನಾವು ಹೇಳುವುದು ಇಷ್ಟೇ: ದೊಡ್ಡವರೂ ಆಟ ಆಡಬೇಕು. ಪಾತ್ರ ಹಾಕಿ ಆಡುವ ಆಟ ನಮ್ಮ ಭಾಗಕ್ಕೆ ಹೊಸದೂ ಅಲ್ಲ, ಮಕ್ಕಳಾಟವೂ ಅಲ್ಲ.

ಏನಿದು ಆಟ?

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟ ಹೊರತಂದರು. ಮೇಜಿನ ಸುತ್ತ ನಾಲ್ಕೈದು ಮಂದಿ ಕೂರುತ್ತಾರೆ. ಒಬ್ಬರು ಸನ್ನಿವೇಶ ಹೇಳುತ್ತಾರೆ: ಕಾಡು, ಕತ್ತಲೆ, ಎದುರಿಗೆ ಮುಚ್ಚಿದ ಬಾಗಿಲು. ಉಳಿದವರು ಒಂದೊಂದು ಪಾತ್ರ ತಗೊಂಡು, ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಬಾಯಲ್ಲೇ ಹೇಳುತ್ತಾರೆ. ಮಾಡಿದ ಕೆಲಸ ಕೈಗೂಡಿತೋ ಇಲ್ಲವೋ ಎನ್ನುವುದನ್ನು ದಾಳ ತೀರ್ಮಾನಿಸುತ್ತದೆ. ಗೆದ್ದವರು, ಸೋತವರು ಅಂತ ಇಲ್ಲ. ಕಥೆ ವಾರಗಟ್ಟಲೆ ನಡೆಯಬಹುದು.

ಇದರ ಪುಸ್ತಕಗಳು ಇಂಗ್ಲಿಷಿನಲ್ಲಿವೆ, ದುಬಾರಿ. ನಾವು ಕೊಂಡಿಲ್ಲ. ಆಡುವ ರೀತಿಯನ್ನಷ್ಟೇ ತಗೊಂಡೆವು. ನಮ್ಮ ಕಥೆಯಲ್ಲಿ ರಾಕ್ಷಸರಿಲ್ಲ. ಹೆಸರಿಲ್ಲದ ಒಂದು ಊರಿದೆ. ಏಪ್ರಿಲ್ ತಿಂಗಳು, ಬೋರ್‌ವೆಲ್ ಬತ್ತಿದೆ, ಎರಡು ದಿನಕ್ಕೊಂದು ನೀರಿನ ಟ್ಯಾಂಕರ್. ಪಂಚಾಯಿತಿ ಮೆಂಬರ್, ಪಿಡಿಒ, ಟ್ಯಾಂಕರ್ ಡ್ರೈವರ್, ಶಾಲೆಯ ಹುಡುಗಿ, ಕೊನೆಯ ಓಣಿಯ ಮುದುಕಿ, ಇವು ಪಾತ್ರಗಳು. ಯಾರಿಗೆ ಯಾವುದು ಅಂತ ಚೀಟಿ ಎತ್ತುತ್ತೇವೆ.

ಸಾರಥಿ ಕೇಳುವ ಪ್ರಶ್ನೆ

ಕಥೆ ನಡೆಸುವವರಿಗೆ ಇಂಗ್ಲಿಷಿನಲ್ಲಿ ಮಾಸ್ಟರ್ ಅನ್ನುತ್ತಾರೆ. ನಾವು ಸಾರಥಿ ಅಂತ ಕರೆದೆವು. ದೊಡ್ಡಾಟ ನೋಡಿದವರಿಗೆ ಈ ಹೆಸರು ಗೊತ್ತು. ದೊಡ್ಡಾಟದಲ್ಲಿ ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ವಿಚಾರಿಸುತ್ತಾನೆ: ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣ ಏನು? ಪಾತ್ರಧಾರಿ ತನ್ನ ಹೆಸರು, ಊರು, ಪರಾಕ್ರಮ ಎಲ್ಲ ಹೇಳಿಕೊಳ್ಳಬೇಕು. ಆಮೇಲೆ ಕಥೆ ಮುಂದಕ್ಕೆ.

ಅಮೆರಿಕದ ಆಟದಲ್ಲೂ ಮೊದಲ ಕೆಲಸ ಇದೇ. ನಿನ್ನ ಪಾತ್ರ ಯಾರು, ಎಲ್ಲಿಯದು, ಅದಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಹಾಳೆಯ ಮೇಲೆ ಬರೆಯಬೇಕು. ಅವರು ಹಾಳೆಯ ಮೇಲೆ ಬರೆಯುವುದನ್ನು ನಮ್ಮ ಹಿರಿಯರು ಗೆಜ್ಜೆ ಕಟ್ಟಿ ಹೇಳುತ್ತಿದ್ದರು.

ಇದನ್ನು ವಿವರಿಸುತ್ತಿದ್ದಂತೆ ಕಾಕಾ ನಕ್ಕರು. “ನಾ ಬೀ ಪಾರ್ಟ್ ಮಾಡೀನಿ” ಅಂದರು.

ಅವರ ಊರು ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆ. ಹರೇದಲ್ಲಿ ಇದ್ದಾಗ ಜಾತ್ರೆಯ ನಾಟಕದಲ್ಲಿ ಪಾತ್ರ ಮಾಡಿದ್ದರಂತೆ. ಹಗಲು ಹೊಲದ ಕೆಲಸ, ರಾತ್ರಿ ಗುಡಿಯ ಮುಂದೆ ತಾಲೀಮು. ಹಾರ್ಮೋನಿಯಂ ಮಾಸ್ತರು ಎರಡು ತಿಂಗಳು ಊರಲ್ಲೇ ಉಳಿದಿದ್ದರು. ಓದಲು ಬಾರದವರಿಗೆ ಬೇರೆಯವರು ಮಾತು ಓದಿ ಹೇಳಿ ಬಾಯಿಪಾಠ ಮಾಡಿಸುತ್ತಿದ್ದರು.

“ನಾಟಕದಾಗ ನಾ ಗೌಡ ಆಗಿದ್ದೆ. ಖರೇ ಗೌಡ ಮುಂದ ಕುಂತು ನೋಡ್ಲತ್ತಿದ್ದ. ಅವರ ಹೊಲದಾಗೇ ನಾ ಕೂಲಿಗಿ ಹೋಗ್ತಿದ್ದೆ. ಅವತ್ತ ರಾತ್ರಿ ನಾ ಕುರ್ಚಿ ಮ್ಯಾಲ ಕುಂತಿದ್ದೆ.”

ಅಷ್ಟು ಹೇಳಿ ಸುಮ್ಮನಾದರು. ನಾವೂ ಸುಮ್ಮನಾದೆವು. ಮರುದಿನ ಅವರು ಮತ್ತೆ ಕೂಲಿಗೇ ಹೋಗಿದ್ದಾರೆ, ಏನೂ ಬದಲಾಗಿಲ್ಲ. ಆದರೂ ಇಷ್ಟು ವರ್ಷದ ಮೇಲೂ ಆ ಕುರ್ಚಿ ಅವರಿಗೆ ನೆನಪಿದೆ.

ಹೆಣ್ಣುಮಕ್ಕಳು ಎಲ್ಲಿದ್ದರು?

ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾವು ಹೇಳುವುದಿಲ್ಲ. ಊರ ನಾಟಕದಲ್ಲಿ ಹೆಣ್ಣಿನ ಪಾತ್ರಕ್ಕೆ ಗಂಡಸರೇ ಸೀರೆ ಉಡುತ್ತಿದ್ದರು, ಇಲ್ಲವೇ ಹೊರಗಿನಿಂದ ನಟಿಯರನ್ನು ರೊಕ್ಕ ಕೊಟ್ಟು ಕರೆಸುತ್ತಿದ್ದರು. ಊರ ಹೆಣ್ಣುಮಕ್ಕಳು ಒಂದು ಕಡೆ ಕೂತು ನೋಡಬೇಕಿತ್ತು. ಕಟ್ಟೆಯ ಮೇಲಿನ ಹುಲಿ-ಕುರಿ ಆಟವೂ ಗಂಡಸರದೇ. ಹೆಣ್ಣುಮಕ್ಕಳಿಗೆ ಪಂಚಮಿಯ ಜೋಕಾಲಿ, ಮನೆಯೊಳಗಿನ ಚೌಕಾಬಾರ.

ನಮ್ಮ ಆರು ಮಂದಿಯಲ್ಲಿ ಇಬ್ಬರು ಹುಡುಗಿಯರು. ಅವರಿಗೆ ಸಂಜೆ ಆರಕ್ಕೆ ಪಿ.ಜಿ. ಸೇರಬೇಕು. ಅದಕ್ಕೇ ನಮ್ಮ ಆಟ ಐದೂವರೆಗೆ ಮುಗಿಯುತ್ತದೆ, ಕಥೆ ಎಲ್ಲಿದ್ದರೂ ಸರಿ. ಒಬ್ಬಾಕೆಗೆ ಚೀಟಿಯಲ್ಲಿ ಪಂಚಾಯಿತಿ ಮೆಂಬರ್ ಪಾತ್ರ ಬಂತು. ಆಕೆಯ ಊರಲ್ಲಿ ಮೀಸಲಾತಿಯಿಂದ ಹೆಂಗಸೇ ಮೆಂಬರ್, ಆದರೆ ಸಭೆಯಲ್ಲಿ ಮಾತಾಡುವುದು ಗಂಡ. ಆಟದಲ್ಲಿ ಆಕೆ ಮೊದಲು ಹೇಳಿದ ಮಾತು: “ನನ್ನ ಪಾತ್ರಕ್ಕ ಗಂಡ ಇಲ್ಲ ಅಂತ ಬರಕೋರಿ.” ಎಲ್ಲರೂ ನಕ್ಕೆವು.

ಮಜಾ ಮೊದಲು, ಪಾಠ ಆಮೇಲೆ

ನಾವು ಆಡುವುದು ಮಜಾ ಬರುತ್ತದೆ ಅಂತ. ಮೆಂಬರ್ ಟ್ಯಾಂಕರನ್ನು ಗುಟ್ಟಾಗಿ ತನ್ನ ಮನೆಗೆ ತಿರುಗಿಸಲು ಹೋದಾಗ ದಾಳ ಕೈಕೊಟ್ಟಿತು. ಟ್ಯಾಂಕರ್ ಪಂಚಾಯಿತಿ ಕಟ್ಟಡದ ಎದುರಿಗೇ ಪಂಕ್ಚರ್! ಡ್ರೈವರ್ ಪಾತ್ರದವನು “ಮೇಡಂ, ಜಾಕ್ ಹಿಡೀರಿ” ಅಂದಾಗ ಹೊಟ್ಟೆ ಹುಣ್ಣಾಗುವಷ್ಟು ನಗು. ಕೆಲಸ ಹುಡುಕುತ್ತ, ಪರೀಕ್ಷೆ ಬರೆಯುತ್ತ, ಸಣ್ಣ ಸಂಬಳಕ್ಕೆ ಸುದ್ದಿ ಬರೆಯುತ್ತ ಇರುವ ನಮ್ಮಂಥವರಿಗೆ ವಾರಕ್ಕೊಮ್ಮೆ ಹಾಗೆ ನಗುವುದು ಸಣ್ಣ ಮಾತಲ್ಲ.

ನಕ್ಕ ಮೇಲೆ ಇನ್ನೊಂದು ಆಯಿತು. ಮನೆಯಲ್ಲಿ ಸ್ವಂತ ಬೋರ್ ಇರುವ ಗೆಳೆಯನಿಗೆ ಮುದುಕಿಯ ಪಾತ್ರ ಬಂದಿತ್ತು. ಅವನು ಸಾರಥಿಯನ್ನು ಕೇಳಿದ: “ನನ್ನ ಮನಿಯಿಂದ ಟ್ಯಾಂಕರ್ ನಿಲ್ಲೋ ಜಾಗ ಎಷ್ಟು ದೂರ? ಒಂದು ಕೊಡ ಇಟ್ಟು ಬರೋದ್ರಾಗ ಟ್ಯಾಂಕರ್ ಹೋದ್ರ?” ಅದುವರೆಗೆ ನೀರಿನ ಸುದ್ದಿ ಮಾಡುವಾಗ ನಾವು ಪಂಚಾಯಿತಿಗೆ ಎಷ್ಟು ಟ್ಯಾಂಕರ್ ಅಂತ ಮಾತ್ರ ಕೇಳುತ್ತಿದ್ದೆವು. ಈಗ ಟ್ಯಾಂಕರ್ ಯಾರ ಮನೆ ಮುಂದೆ ನಿಲ್ಲುತ್ತದೆ ಅಂತಲೂ ಕೇಳುತ್ತೇವೆ.

ಒಂದು ತಾಸು ಮುದುಕಿಯ ಪಾತ್ರ ಮಾಡಿದರೆ ಮುದುಕಿಯ ಕಷ್ಟ ತಿಳಿದುಬಿಡುತ್ತದೆ ಅಂತಲ್ಲ. ಆಟ ಮುಗಿದ ಮೇಲೆ ನಮ್ಮ ನಲ್ಲಿಯಲ್ಲಿ ನೀರು ಬಂತು, ನಾವು ಮುಖ ತೊಳೆದೆವು. ಕೇಳಬೇಕಾದ ಒಂದು ಪ್ರಶ್ನೆ ಮಾತ್ರ ಸಿಕ್ಕಿತು.

ಜೂಜು ಯಾವುದು?

ಮಾಲಕರ ಸಿಟ್ಟು ಸುಳ್ಳಲ್ಲ. ಪಗಡೆಯಲ್ಲಿ ಧರ್ಮರಾಯ ರಾಜ್ಯವನ್ನೂ ಹೆಂಡತಿಯನ್ನೂ ಸೋತ ಕಥೆ ಕೇಳಿ ಬೆಳೆದವರು ನಾವು. ಆದರೆ ಅಲ್ಲಿ ತಪ್ಪು ದಾಳದ್ದಲ್ಲ, ಪಣದ್ದು. ಇವತ್ತಿನ ಪಣ ದಾಳ ಇಲ್ಲದೆಯೂ ನಡೆಯುತ್ತದೆ. ಕಟ್ಟೆಯ ಮೇಲೆ ನಾಲ್ಕು ಹುಡುಗರು ಸಾಲಾಗಿ ಕೂತಿರುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಒಬ್ಬ ಮೊಬೈಲಿನಲ್ಲಿ ರಮ್ಮಿ, ಇನ್ನೊಬ್ಬ ಕ್ರಿಕೆಟ್ ಬೆಟ್ಟಿಂಗ್. ಅವರನ್ನು ಯಾರೂ ಜೂಜುಕೋರರು ಅನ್ನುವುದಿಲ್ಲ, ಯಾಕೆಂದರೆ ಕಾಣುವುದಿಲ್ಲ. ಸಾಲ ಮನೆ ಬಾಗಿಲಿಗೆ ಬಂದಾಗಲೇ ಗೊತ್ತಾಗುವುದು.

ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿತು. ಒಳ್ಳೆಯದೇ. ಆದರೆ ಬೇಡದ ಆಟ ಕಸಿದುಕೊಂಡರೆ ಸಾಲದು, ಕೈಗೆ ಬೇರೆ ಆಟ ಕೊಡಬೇಕು. ಸಂಜೆ ಹೊತ್ತು ಕಳೆಯಲು ಹುಡುಗರಿಗೆ ಏನಿದೆ? ತಾಲೀಮು ನಡೆಯುತ್ತಿದ್ದ ಗುಡಿಯ ಮುಂದಿನ ಜಾಗದಲ್ಲಿ ಈಗ ಬೈಕು ನಿಂತಿವೆ.

ದೊಡ್ಡವರಿಗೆ ಆಟ ಯಾಕೆ ಅನ್ನುವವರಿಗೆ ಒಂದು ಮಾತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ರಾಜರಾಗಿಯೂ ಮಣೆಯಾಟಗಳನ್ನು ತಾವೇ ರಚಿಸಿದವರು. ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ ಆಟಗಳಿಗಾಗಿಯೇ ‘ಕೌತುಕನಿಧಿ’ ಎಂಬ ಭಾಗ ಇದೆ. ರಾಜ ಆಡಿದರೆ ಹವ್ಯಾಸ, ಕೂಲಿಯವನು ಆಡಿದರೆ ಸೋಮಾರಿತನ ಅನ್ನುವುದು ಸರಿಯಲ್ಲ.

ಹುಣಸೆ ಬೀಜ ಸಾಕು

ನೀವೂ ಆಡಬಹುದು. ಎರಡು ಹುಣಸೆ ಬೀಜ ಒಡೆದು ನಾಲ್ಕು ಹೋಳು ಮಾಡಿ. ಚೌಕಾಬಾರಕ್ಕೆ ನಮ್ಮ ಅಜ್ಜಿಯರು ಮಾಡುತ್ತಿದ್ದುದೇ ಇದು. ಒಂದು ಮಗ್ಗುಲು ಬಿಳಿ, ಒಂದು ಕಪ್ಪು. ಯಾರಾದರೂ ಕಷ್ಟದ ಕೆಲಸ ಮಾಡುತ್ತೇನೆ ಅಂದಾಗ ನಾಲ್ಕೂ ಹೋಳು ಎಸೆಯಿರಿ. ಎರಡು ಅಥವಾ ಹೆಚ್ಚು ಬಿಳಿ ಬಿದ್ದರೆ ಕೆಲಸ ಆಯಿತು. ಬೀಜ ಎರಡೂ ಕಡೆ ಸಮನಾಗಿ ಬೀಳುವಂತಿದ್ದರೆ 16ರಲ್ಲಿ 11 ಸಲ ಕೆಲಸ ಆಗುತ್ತದೆ. ಬಹಳ ಕಷ್ಟದ ಕೆಲಸಕ್ಕೆ ಮೂರು ಬಿಳಿ ಬೇಕು ಅನ್ನಿ, ಆಗ 16ರಲ್ಲಿ 5 ಸಲ ಮಾತ್ರ.

ಒಬ್ಬರು ಸಾರಥಿ ಆಗಿ. ನಿಮಗೆ ಗೊತ್ತಿರುವಂಥ ಒಂದು ಊರು, ಒಂದು ತೊಂದರೆ ಇಟ್ಟುಕೊಳ್ಳಿ. ನಿಜವಾದ ಮಂದಿಯ ಹೆಸರು ಹಾಕಬೇಡಿ, ಜಗಳ ಬರುತ್ತದೆ. ಪಾತ್ರಕ್ಕೆ ಚೀಟಿ ಎತ್ತಿ, ಇಲ್ಲದಿದ್ದರೆ ಊರ ದೊಡ್ಡವರು ಆಟದಲ್ಲೂ ದೊಡ್ಡವರೇ ಆಗುತ್ತಾರೆ. ಹೆಣ್ಣುಮಕ್ಕಳು ಮನೆಗೆ ಹೋಗುವ ಹೊತ್ತು ನೋಡಿ ಆಟ ಮುಗಿಸಿ. ಪಣಕ್ಕೆ ಒಂದು ರೂಪಾಯಿಯೂ ಬೇಡ.

ಅವತ್ತು ಕಾಕಾ ಎದ್ದು ಹೋಗುವಾಗ ಬಾಡಿಗೆ ಕೇಳುವುದನ್ನು ಮರೆಯಲಿಲ್ಲ. “ಐದನೇ ತಾರೀಖಿನೊಳಗ ಕೊಡ್ರಿ. ಬಾಗಿಲ ತೆಗದಿಟ್ಟು ಆಡ್ರಿ, ಮಂದಿ ಏನರ ಅಂದ್ಕೋತಾರ” ಅಂದರು. ಈಗ ಬಾಗಿಲು ತೆಗೆದಿಟ್ಟೇ ಆಡುತ್ತೇವೆ. ಮುಂದಿನ ಐತವಾರ ಅವರೂ ಬರುತ್ತೇನೆ ಅಂದಿದ್ದಾರೆ. ಚೀಟಿ ಎತ್ತುವುದಕ್ಕೆ ಮಾತ್ರ ಒಪ್ಪಿಲ್ಲ. ಗೌಡನ ಪಾತ್ರವೇ ಬೇಕಂತೆ.