ಪಾರ್ಕಿಗೆ ಬಿಲ್ಡರ್ ಎಷ್ಟು ಕೊಡಬೇಕು?

ಹಳೆಯ ಮನೆಯೊಂದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರೆ ಆ ಬೀದಿಗೆ ನೂರಾರು ಜನ ಸೇರುತ್ತಾರೆ. ನೀರು, ಚರಂಡಿ, ಟ್ರಾಫಿಕ್ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಆ ಮಕ್ಕಳು ಎಲ್ಲಿ ಆಡಬೇಕು, ಹಿರಿಯರು ಸಂಜೆ ಎಲ್ಲಿ ಕೂರಬೇಕು ಎಂದು ಕೇಳುವವರು ಕಡಿಮೆ. ಬಿಲ್ಡರ್ ಪಾರ್ಕಿಗೂ ತನ್ನ ಪಾಲು ಕೊಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಆ ಪಾಲು ಅಧಿಕಾರಿಯ ಮರ್ಜಿಯಿಂದಲ್ಲ, ಲೆಕ್ಕದಿಂದ ನಿಗದಿಯಾಗಬೇಕು.

ಲೆಕ್ಕ ಹೇಗೆ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1965ರಿಂದ ಕ್ವಿಂಬಿ ಕಾಯ್ದೆ ಇದೆ. ಅದರಂತೆ ನಗರಗಳು 1,000 ಜನರಿಗೆ 3 ಎಕರೆ ಪಾರ್ಕ್ ಎಂಬ ಅಳತೆಯಲ್ಲಿ ಜಾಗ ಅಥವಾ ಅದರ ಬದಲು ಹಣ ಕೇಳಬಹುದು. ಈಗಾಗಲೇ ಹೆಚ್ಚು ಪಾರ್ಕ್ ಇರುವ ಊರಾದರೆ 5 ಎಕರೆವರೆಗೂ ಕೇಳಬಹುದು. 50 ಅಥವಾ ಅದಕ್ಕಿಂತ ಕಡಿಮೆ ನಿವೇಶನಗಳ ಯೋಜನೆಯಿಂದ ಹಣ ಮಾತ್ರ ಪಡೆಯಬಹುದು. ಒಂದು ಮನೆಯಲ್ಲಿ ಮೂವರಿದ್ದಾರೆ ಎಂದುಕೊಳ್ಳಿ. ಅವರ ಪಾಲು 0.009 ಎಕರೆ. ಎಕರೆಗೆ 10 ಲಕ್ಷ ಡಾಲರ್ ಬೆಲೆ ಇದ್ದರೆ ಆ ಮನೆಯ ಶುಲ್ಕ 9,000 ಡಾಲರ್. ನಮ್ಮ ಕಾಮರ್ಸ್ ವಿದ್ಯಾರ್ಥಿಗಳು ಎರಡು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ ಇದು. ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು ಎಂಬುದೇ ಇದರ ಬಲ.

ನಗರವು ಬಾಯಿಗೆ ಬಂದಷ್ಟು ಕೇಳುವಂತೆಯೂ ಇಲ್ಲ. ಆರೆಗಾನ್ ರಾಜ್ಯದ ಟಿಗಾರ್ಡ್ ಎಂಬ ಊರಿನಲ್ಲಿ ಅಂಗಡಿ ವಿಸ್ತರಿಸಲು ಹೊರಟ ಮಹಿಳೆಯೊಬ್ಬರಿಂದ ನಗರಾಡಳಿತ ಹಸಿರು ಪಟ್ಟಿ ಮತ್ತು ಸೈಕಲ್ ದಾರಿಗೆ ಜಾಗ ಕೇಳಿತು. 1994ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕಟ್ಟಡದಿಂದ ಬೀಳುವ ಹೊರೆಗೂ ಕೇಳುವ ಪಾಲಿಗೂ ಸರಿಸುಮಾರು ಹೊಂದಿಕೆ ಇರಬೇಕು, ಅದನ್ನು ತೋರಿಸುವ ಹೊಣೆ ನಗರದ್ದು ಎಂದಿತು. ಕಾನೂನು ಮಾಡಿ ವಿಧಿಸಿದ ಶುಲ್ಕಕ್ಕೂ ಇಂಥ ಪರೀಕ್ಷೆಯಿಂದ ವಿನಾಯಿತಿ ಇಲ್ಲ ಎಂದು 2024ರಲ್ಲಿ ಅದೇ ಕೋರ್ಟ್ ಹೇಳಿತು.

"ಶುಲ್ಕ ಹಾಕಿದರೆ ಬಿಲ್ಡರ್ ಅದನ್ನು ಮನೆ ಕೊಳ್ಳುವವರ ಮೇಲೆಯೇ ಹಾಕುತ್ತಾನೆ" ಎಂದು ಕೆಲವರು ಆಕ್ಷೇಪಿಸುತ್ತಾರೆ. ಬಹಳ ಮಟ್ಟಿಗೆ ನಿಜ. ಹಾಗಿದ್ದರೆ ಆ ಹಣ ಕೊಂಡವರದ್ದು. ನಗರದ ಕೈಯಲ್ಲಿರುವುದು ಅಮಾನತ್, ಅಂದರೆ ನಂಬಿ ಒಪ್ಪಿಸಿದ ಸೊತ್ತು. ಅಮಾನತನ್ನು ಹಕ್ಕುದಾರರಿಗೆ ತಲುಪಿಸಬೇಕೆಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಕ್ವಿಂಬಿ ಕಾಯ್ದೆಯಲ್ಲೂ ಅದೇ ನ್ಯಾಯವಿದೆ: ಹಣವನ್ನು ಯಾವ ಪಾರ್ಕಿಗೆ ಬಳಸುವುದೆಂದು ಐದು ವರ್ಷದೊಳಗೆ ನಿಗದಿಪಡಿಸದಿದ್ದರೆ ಅದನ್ನು ಆ ಜಾಗದ ಮಾಲೀಕರಿಗೆ ಹಂಚಬೇಕು.

ನಮ್ಮಲ್ಲೇನು? ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಂತೆ ನಿವೇಶನಗಳ ಬಡಾವಣೆಯ ಕನಿಷ್ಠ ಶೇ. 15ರಷ್ಟು ಜಾಗ ಪಾರ್ಕ್ ಮತ್ತು ಆಟದ ಮೈದಾನಕ್ಕೆ ಮೀಸಲು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಅಂಥ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಕೊಟ್ಟಾಗ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ನಿಂತಿತು. ಆದರೆ ಬಡಾವಣೆ ಮಾಡುವಾಗ ಬಿಟ್ಟ ಪಾರ್ಕ್ ಅಷ್ಟೇ ಇರುತ್ತದೆ. ಒಂದು ಮನೆಯ ಜಾಗದಲ್ಲಿ ಇಪ್ಪತ್ತು ಫ್ಲ್ಯಾಟ್ ಬಂದಾಗ ಜನ ಹೆಚ್ಚುತ್ತಾರೆ, ಪಾರ್ಕ್ ಹಿಗ್ಗುವುದಿಲ್ಲ. ತಲೆ ಲೆಕ್ಕದ ಶುಲ್ಕ ಬೇಕಾಗಿರುವುದು ಇಲ್ಲಿಯೇ. ಅದು ಅದೇ ವಾರ್ಡಿನ ಅಥವಾ ಪಕ್ಕದ ವಾರ್ಡಿನ ಪಾರ್ಕಿಗೆ ಬಳಕೆಯಾಗಬೇಕು. ಇಲ್ಲವಾದರೆ ಇಕ್ಕಟ್ಟಿನ ಮೊಹಲ್ಲಾದಲ್ಲಿ ವಸೂಲಾದ ಹಣದಿಂದ ದೊಡ್ಡವರ ಬಡಾವಣೆಯಲ್ಲಿ ಕಾರಂಜಿ ಹಾರುತ್ತದೆ.

ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಯಾವ ನಾಗರಿಕರೂ ಅರ್ಜಿ ಹಾಕಬಹುದು. ನಿಮ್ಮ ಬೀದಿಯ ಹೊಸ ಕಟ್ಟಡದಿಂದ ಎಷ್ಟು ಶುಲ್ಕ ಬಂತು, ಯಾವ ಲೆಕ್ಕದ ಮೇಲೆ ಬಂತು, ಎಲ್ಲಿ ಖರ್ಚಾಯಿತು: ಈ ಮೂರು ಪ್ರಶ್ನೆ ಕೇಳಿ. ಈ ಬೇಸಿಗೆ ರಜೆಗೆ ನಮ್ಮ ಪೌರನೀತಿಯ ಪ್ರಾಜೆಕ್ಟ್ ಇದೇ ಆಗಲಿ.