ಆ ಹುಡುಗಿಯರನ್ನು ಮಾರಿದವರು ಯಾರು?



ರಷ್ಯಾದ ‘ಟಾಟು’ ಎಂಬ ಗಾಯಕಿಯರ ಜೋಡಿಯ ಮಾತೆತ್ತಿದರೆ ಇಂದಿಗೂ ಜನ ಮೂಗು ಮುರಿಯುತ್ತಾರೆ. ‘ನಾಚಿಕೆ ಬಿಟ್ಟ ಹುಡುಗಿಯರು’ ಎನ್ನುತ್ತಾರೆ. ನಾನೂ ಮೊದಲು ಹಾಗೇ ಅಂದವಳು. ಈಗ ನನ್ನ ಪ್ರಶ್ನೆ ಬೇರೆ. ಆ ಹುಡುಗಿಯರಿಗೆ ಆಗ ವಯಸ್ಸೆಷ್ಟಿತ್ತು? ಹಿಂದೆ ನಿಂತು ದುಡ್ಡು ಎಣಿಸಿದವರು ಯಾರು?

೧೯೯೯ರಲ್ಲಿ ಇವಾನ್ ಶಪೋವಾಲೊವ್ ಎಂಬಾತ ಮಾಸ್ಕೋದಲ್ಲಿ ಹಾಡುವ ಹುಡುಗಿಯರನ್ನು ಹುಡುಕಿದ. ಮಕ್ಕಳ ಮನಸ್ಸಿಗೆ ಚಿಕಿತ್ಸೆ ಕೊಡುತ್ತಿದ್ದು, ಆಮೇಲೆ ಜಾಹೀರಾತಿಗೆ ಬಂದವನು. ಆರಿಸಿದ್ದು ಲೇನಾ ಕಾಟಿನಾ ಮತ್ತು ಯೂಲಿಯಾ ವೋಲ್ಕೊವಾ ಅವರನ್ನು. ಇಬ್ಬರಿಗೂ ೧೫ರ ಆಸುಪಾಸು. ೨೦೦೦ದಲ್ಲಿ ಬಂದ ಮೊದಲ ಹಾಡಿನ ಚಿತ್ರದಲ್ಲಿ ಶಾಲೆಯ ಗಿಡ್ಡ ಲಂಗ, ಮಳೆ, ತಂತಿಬೇಲಿ, ಇಬ್ಬರ ಚುಂಬನ. ಬೇಲಿಯಾಚೆ ನಿಂತು ನೋಡುವ ಜನ. ೨೦೦೩ರ ಫೆಬ್ರವರಿಯಲ್ಲಿ ಅದರ ಇಂಗ್ಲಿಷ್ ರೂಪ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿ ೪ ವಾರ ಅಲ್ಲೇ ಇತ್ತು. ‘ನಿಷೇಧಿಸಿ’ ಎಂದು ಕೆಲವರು ಕೂಗಿದರು. ಆ ಕೂಗೂ ಪ್ರಚಾರವೇ ಆಯಿತು. ಅದೇ ವರ್ಷದ ಕೊನೆಗೆ ರಷ್ಯಾದ ಟಿ.ವಿ.ಯಲ್ಲಿ ಬಂದ ಸಾಕ್ಷ್ಯಚಿತ್ರದಲ್ಲಿ, ಪ್ರೇಮಿಗಳ ಪಾತ್ರ ಬರೀ ನಟನೆ ಎಂಬುದು ಹೊರಬಿತ್ತು. ೨೦೦೪ರಲ್ಲಿ ಇಬ್ಬರೂ ಅವನಿಂದ ದೂರವಾದರು.

ಹೆಣ್ಣು ಹೆಣ್ಣನ್ನು ಪ್ರೀತಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಹಾಗೆ ಪ್ರೀತಿಸುವವರ ಬದುಕನ್ನು ವೇಷ ಮಾಡಿ, ಅದನ್ನು ಮಕ್ಕಳಿಗೆ ತೊಡಿಸಿ, ಗಂಡಸರ ಕಣ್ಣಿಗೆ ಸರಕಾಗಿಸಿದ್ದು ತಪ್ಪು. ಆ ಹಾಡಿನಿಂದ ಧೈರ್ಯ ಪಡೆದ ಹುಡುಗಿಯರೂ ಇದ್ದಾರೆ. ಅದು ಅವರ ಧೈರ್ಯ, ಮಾರಿದವನ ಪುಣ್ಯವಲ್ಲ.

‘ಅವರೂ ಹೆಸರು, ಹಣ ಗಳಿಸಿದರಲ್ಲ, ಒಪ್ಪಿಯೇ ಮಾಡಿದರಲ್ಲ’ ಎನ್ನುವವರಿದ್ದಾರೆ. ೧೫ ವರ್ಷದವಳ ಒಪ್ಪಿಗೆ ಎಂಥ ಒಪ್ಪಿಗೆ? ವರದಕ್ಷಿಣೆಯ ಮಾತುಕತೆ ಮುಗಿಸಿ, ‘ಹುಡುಗಿಗೂ ಒಪ್ಪಿಗೆಯಿದೆ’ ಎಂದು ಹಿರಿಯರು ಎಲೆ ಅಡಿಕೆ ಹಾಕಿಕೊಳ್ಳುವುದನ್ನು ನಾವು ಎಷ್ಟು ಸಲ ನೋಡಿಲ್ಲ?

ಇನ್ನು ಸರ್ಕಾರದ ಇಬ್ಬಂದಿತನ ನೋಡಿ. ಮಕ್ಕಳ ಮುಂದೆ ಇಂಥ ಪ್ರೀತಿಯ ‘ಪ್ರಚಾರ’ ಕೂಡದೆಂದು ರಷ್ಯಾ ೨೦೧೩ರಲ್ಲಿ ಕಾನೂನು ತಂದಿತು. ಮರುವರ್ಷ ಸೋಚಿ ಒಲಿಂಪಿಕ್ಸ್ ಉದ್ಘಾಟನೆಗೆ ಮುನ್ನ ಹಾಡಲು ಬಂದದ್ದು ಇದೇ ಜೋಡಿ! ೨೦೧೭ರಲ್ಲಿ ಅದೇ ದೇಶ ಇನ್ನೊಂದು ತಿದ್ದುಪಡಿ ಮಾಡಿತು. ಮನೆಯವರನ್ನು ಮೊದಲ ಸಲ ಹೊಡೆದರೆ, ದೊಡ್ಡ ಗಾಯವಾಗದಿದ್ದರೆ, ಅದು ಇನ್ನು ಕ್ರಿಮಿನಲ್ ಅಪರಾಧವಲ್ಲ. ದಂಡ ಕಟ್ಟಿಯೂ ಪಾರಾಗಬಹುದು. ಇಬ್ಬರು ಹೆಣ್ಣುಗಳ ಪ್ರೀತಿಯ ಮಾತು ಕುಟುಂಬಕ್ಕೆ ಅಪಾಯ, ಗಂಡನ ಏಟು ಮನೆಯೊಳಗಿನ ವಿಷಯ! ಈ ನ್ಯಾಯದ ಪರಿಚಯ ನಮಗಿಲ್ಲವೇ?

ಗೆಳತಿಯರೇ, ಹುಡುಗಿಯನ್ನು ಮಾರುವವನೂ ಅವಳನ್ನು ಜರೆಯುವವನೂ ಒಂದೇ ತಕ್ಕಡಿಯ ಎರಡು ತಟ್ಟೆಗಳು. ತೂಗಿಸಿಕೊಳ್ಳುವವಳು ಮಾತ್ರ ಅವಳೇ. ಟಿ.ವಿ.ಯಲ್ಲೋ ಮೊಬೈಲಿನಲ್ಲೋ ಎಳೆಯ ಹುಡುಗಿಯೊಬ್ಬಳನ್ನು ಕಂಡು ‘ಛೀ’ ಎನ್ನುವ ಮೊದಲು ನಮ್ಮ ಸಂಘಗಳಲ್ಲಿ ಕೇಳಿಕೊಳ್ಳೋಣ: ಅವಳಿಗೆ ಹೀಗೆ ನಿಲ್ಲು ಎಂದವರು ಯಾರು? ದುಡ್ಡು ಹೋದದ್ದು ಯಾರ ಜೇಬಿಗೆ?