ಬಿಕಿನಿ ಕೊಳ್ಳುವವಳನ್ನು ಕೇಳಿದವರು ಯಾರು?

2021ರ ಜೂನ್‌ನಲ್ಲಿ ಕನ್ನಡನಾಡಿನ ಮಾನ ಒಂದು ಬಿಕಿನಿಯ ದಾರಕ್ಕೆ ನೇತುಬಿದ್ದಿತ್ತು. ಅಮೆಜಾನ್ ಕಂಪನಿಯ ಕೆನಡಾ ತಾಣದಲ್ಲಿ ನಮ್ಮ ಬಾವುಟದ ಹಳದಿ ಕೆಂಪು ಬಣ್ಣದ, ಲಾಂಛನವನ್ನೂ ಅಚ್ಚು ಹಾಕಿದ ಬಿಕಿನಿ ಮಾರಾಟಕ್ಕಿತ್ತು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿಯವರು ಕಂಪನಿ ಕ್ಷಮೆ ಕೇಳಬೇಕೆಂದರು, ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು. ಲಾಂಛನವನ್ನು ಕಂಡಕಂಡಲ್ಲಿ ಒತ್ತಬಾರದು, ಒಪ್ಪೋಣ. ಆದರೆ ರಾಜ್ಯೋತ್ಸವದ ದಿನ ಅದೇ ಬಣ್ಣದ ಶಾಲಿನಲ್ಲಿ ಗಂಡಸರು ಬೆವರು ಒರೆಸಿಕೊಂಡಾಗ ಯಾವ ಸಚಿವರಿಗೂ ಸಿಟ್ಟು ಬಂದದ್ದನ್ನು ನಾವು ಕಂಡಿಲ್ಲ.

ಕಾಯಿಲೆ ಹಳೆಯದು. 1996ರ ನವೆಂಬರ್ 23ರಂದು ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಹೆಣ್ಣಿನ ಮೈಯನ್ನು ಸರಕು ಮಾಡಬೇಡಿ ಎಂದ ಮಹಿಳಾ ಸಂಘಟನೆಗಳ ಮಾತಿಗೆ ತೂಕವಿತ್ತು. ಸಂಸ್ಕೃತಿಯ ಗುತ್ತಿಗೆದಾರರ ಗದ್ದಲದಲ್ಲಿ ಆ ಮಾತು ಕೇಳಿಸದೆ ಹೋಯಿತು. ಕೊನೆಗೆ ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದ್ವೀಪಕ್ಕೆ ಒಯ್ದರು. ಸಮುದ್ರದಾಚೆ ನಡೆದರೆ ಸಂಸ್ಕೃತಿಗೆ ಧಕ್ಕೆಯಿಲ್ಲವಂತೆ!

ಕೊಳ್ಳುವವಳ ಚಿಂತೆಯೇ ಬೇರೆ. ಕತ್ತಿಗೆ, ಬೆನ್ನಿಗೆ, ಸೊಂಟದ ಎರಡು ಬದಿಗೆ ದಾರ ಕಟ್ಟುವ ಉಡುಪಿದು. ಅಳತೆ ತುಸು ಹೆಚ್ಚುಕಮ್ಮಿಯಾದರೆ ದಾರವೇ ಸರಿಮಾಡುತ್ತದೆ. ಆದರೆ ಒಳಗೆ ಲೈನಿಂಗ್ ಇದೆಯೇ, ಒದ್ದೆಯಾದಾಗ ಮೈ ಕಾಣುತ್ತದೆಯೇ, ಅಲೆ ಬಡಿದರೂ ಗಂಟು ನಿಲ್ಲುತ್ತದೆಯೇ, ಕ್ಲೋರಿನ್ ನೀರಿಗೆ ಬಣ್ಣ ಬಿಡುತ್ತದೆಯೇ? ಹಾಸನದಲ್ಲಿ ಬಿಕಿನಿ ಯಾರಿಗೆ ಬೇಕು ಎಂದು ನಗುವವರಿದ್ದಾರೆ. ಹಾಸನದ ಸೊಸೆಯಂದಿರು ಗೋವಾಕ್ಕೆ ಹೋಗುವುದಿಲ್ಲವೇ? ಹೋಗುವವಳು ಇದನ್ನೆಲ್ಲ ಯಾರ ಬಳಿ ಕೇಳಬೇಕು? ಬ್ರಾ ಕೊಳ್ಳಲು ಹೋದರೇ ಕೌಂಟರಿನ ಹುಡುಗ ಕಣ್ಣಲ್ಲೇ ಅಳತೆ ತೆಗೆದು ಡಬ್ಬಿ ಮುಂದಕ್ಕೆ ತಳ್ಳುತ್ತಿದ್ದ. ಬುರ್ಖಾದವರೂ ಸೆರಗಿನವರೂ ಒಂದೇ ರೀತಿ ತಲೆ ತಗ್ಗಿಸಿ, ಸೈಜು ಪಿಸುಗುಟ್ಟಿ, ಕರಿ ಕವರಿಗೆ ಹಾಕಿಸಿಕೊಂಡು ಬಂದವರು ನಾವು. ಈಗ ಹೊಳೆನರಸೀಪುರ, ಅರಕಲಗೂಡಿನ ಹುಡುಗಿಯೂ ಮೊಬೈಲಿನಲ್ಲಿ ಆರಿಸಿ ತರಿಸಬಹುದು. ಪೊಟ್ಟಣ ಬಾಗಿಲಿಗೇ ಬರುತ್ತದೆ. ಬಿಚ್ಚಿ ನೋಡುವವರು ಮಾತ್ರ ಅಣ್ಣನೋ ಅತ್ತೆಯೋ.

2022ರ ಫೆಬ್ರವರಿಯಲ್ಲಿ ಹಿಜಾಬಿನ ಜಗಳ ಹೊತ್ತಿ ಉರಿಯುತ್ತಿದ್ದಾಗ, ಬಿಕಿನಿಯಿರಲಿ ಹಿಜಾಬಿರಲಿ ತೊಡುವವಳೇ ತೀರ್ಮಾನಿಸಲಿ ಎಂದು ಪ್ರಿಯಾಂಕಾ ಗಾಂಧಿ ಬರೆದರು. ಆಗಿನ ಹೊನ್ನಾಳಿ ಶಾಸಕ ರೇಣುಕಾಚಾರ್ಯರಿಗೆ ಆ ಪದವೇ ಕೀಳಾಗಿ ಕಂಡಿತು. ಹೆಂಗಸರ ಉಡುಪು ಗಂಡಸರನ್ನು ಕೆರಳಿಸುತ್ತದೆ ಎಂದೂ ಹೇಳಿ, ಆಮೇಲೆ ಕ್ಷಮೆ ಕೇಳಿದರು. ನಮ್ಮವರಲ್ಲೂ ಹಿಜಾಬಿನ ಪಕ್ಕ ಬಿಕಿನಿ ಇಟ್ಟದ್ದಕ್ಕೆ ತೌಬಾ ತೌಬಾ ಎಂದವರಿದ್ದರು. ಅವರಿಗೊಂದು ಪ್ರಶ್ನೆ: ತಲೆಯ ಬಟ್ಟೆ ತೆಗೆಸಬೇಡಿ ಎಂದು ಬೀದಿಯಲ್ಲಿ ಕೇಳುವ ನೀವು, ತೊಡಿಸುವ ಹಕ್ಕನ್ನು ಮನೆಯಲ್ಲಿ ನಿಮ್ಮ ಕೈಯಲ್ಲೇ ಇಟ್ಟುಕೊಂಡಿದ್ದೀರಲ್ಲ, ಏಕೆ? 2016ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಕಡಲತೀರದ ಊರುಗಳು ಬುರ್ಕಿನಿಯನ್ನು ನಿಷೇಧಿಸಿದಾಗ ನಾವೆಲ್ಲ ಖಂಡಿಸಿದೆವು. ಅಂಥ ಒಂದು ಊರಿನ ನಿಷೇಧಕ್ಕೆ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ 26ರಂದು ತಡೆ ಕೊಟ್ಟಾಗ ಖುಷಿಪಟ್ಟೆವು. ಆ ನ್ಯಾಯ ಮೈ ಮುಚ್ಚಿಕೊಳ್ಳುವವಳಿಗೆ ಮಾತ್ರವೇ?

ನಮ್ಮಲ್ಲಿ ಹೆಚ್ಚಿನವರಿಗೆ ಬಿಕಿನಿ ಬೇಕಿಲ್ಲ. ಹೇಮಾವತಿಯ ದಡದಲ್ಲಿ ಹುಟ್ಟಿಯೂ ನಮಗೆ ಈಜು ಬಾರದು, ಕಲಿಸಿದವರಿಲ್ಲ. ಈಜುಕೊಳದಲ್ಲಿ ಹೆಂಗಸರಿಗೆ ಬೇರೆ ಹೊತ್ತು ಬೇಕು. ಒಳಉಡುಪಿನ ಅಂಗಡಿಯಲ್ಲಿ ಮಾರುವ ಹೆಂಗಸು ಬೇಕು, ಚಿಲಕ ಗಟ್ಟಿಯಿರುವ ಟ್ರಯಲ್ ರೂಮು ಬೇಕು. ಸಂಸ್ಕೃತಿಯ ಬಗ್ಗೆ ಭಾಷಣ ಮಾಡುವ ಅಣ್ಣಂದಿರು ಸದ್ಯಕ್ಕೆ, ಬಾಗಿಲಿಗೆ ಬಂದ ಪೊಟ್ಟಣವನ್ನು ಬಿಚ್ಚದೆ ಅವಳ ಕೈಗೆ ಕೊಡಲಿ.